ಒಣಗಿದ ಸೀಟು

ಅಕ್ಕ, ತಂಗಿ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕಾರು ಮಾತ್ರ ಬಿಟ್ಟಿರಲಿಲ್ಲ. ಒಂದು ವಾರ ಅಕ್ಕನ ಮನೆಯ ಮುಂದೆ, ಮರುವಾರ ಸೇತುವೆಯಾಚೆ ತಂಗಿಯ ಮನೆಯ ಮುಂದೆ, ಎರಡೂ ಕಡೆಗೆ ಬೇಕಾದ ನೆಂಟರ ಹಾಗೆ ಅದು ಓಡಾಡಿಕೊಂಡಿತ್ತು. ಶನಿವಾರ ಸಂಜೆ, ಸರದಿ ಮುಗಿದವಳು ಕಾರನ್ನು ಇನ್ನೊಬ್ಬಳ ಮನೆಯೆದುರು ನಿಲ್ಲಿಸಿ, ಕೀಲಿಯನ್ನು ಅಂಚೆಡಬ್ಬಿಗೆ ಹಾಕಿ, ಬಸ್ಸು ಹತ್ತಿ ವಾಪಸಾಗಬೇಕು. ಕರೆಗಂಟೆ ಒತ್ತುವಂತಿಲ್ಲ. ಹಾಗಂತ ಯಾರೂ ನಿಯಮ ಮಾಡಿರಲಿಲ್ಲ, ಮಾಡಬೇಕಾದರೆ ಮಾತಾಡಬೇಕಲ್ಲ.

“ಮಾರಿಬಿಡ್ರೇ ಅದನ್ನ, ಇಬ್ಬರಿಗೂ ನೆಮ್ಮದಿ,” ಎನ್ನುತ್ತಿದ್ದ ಅಕ್ಕನ ಗಂಡ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡುವವನಿಗೆ ಉದ್ದಕ್ಕೆ ಓಡುವ ಗಾಡಿಯ ಹಂಬಲ ಇರಲಿಲ್ಲ. ಡ್ರೈವಿಂಗ್ ಕಲಿತೇ ಇರಲಿಲ್ಲ.

“ಮಾರೋಕೆ ಅವಳ ಸಹಿ ಬೇಕು. ಸಹಿ ಬೇಕು ಅಂದ್ರೆ ಅವಳ ಹತ್ರ ಮಾತಾಡಬೇಕು.”

“ಓಹೋ. ಹಂಗಾದ್ರೆ ನಿಮ್ಮ ಜಗಳ ಇರೋ ತನಕ ಗುಂಡಮ್ಮ ಚಿರಂಜೀವಿ.”

ಗುಂಡಮ್ಮ ಅಂದರೆ ಕಾರು. ಹೆಸರಿಟ್ಟವರು ಅಮ್ಮ. ಮುಂದೆ ಎರಡು, ಹಿಂದೆ ಒಂದು ಬಾಗಿಲಿನ, ಮೂಗು ಮೊಂಡಾದ ಪುಟ್ಟ ಯುರೋಪಿಯನ್ ಹ್ಯಾಚ್‌ಬ್ಯಾಕ್. ಹಿಂದಿನಿಂದ ನೋಡಿದರೆ ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಗಸಿನ ಹಾಗೆ ಕಾಣುತ್ತಿತ್ತು. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಡಾಕ್ಟರಮ್ಮನಿಂದ ಅಕ್ಕ ತಂಗಿ ಅರ್ಧರ್ಧ ಹಾಕಿ ಕೊಂಡಿದ್ದರು. ಮೊದಲ ಸಲ ಬಾನೆಟ್ ಎತ್ತಿದ ಮೆಕ್ಯಾನಿಕ್ ಒಳಗೆ ಇಣುಕಿ, “ಪರದೇಶದ ಸೊಸೆ ತಂದಿದ್ದೀರಿ, ಇನ್ನು ಅವಳ ಭಾಷೆ ನೀವೇ ಕಲೀಬೇಕು,” ಅಂದಿದ್ದ.

ಕಲಿತರು. ಬೇರೆ ಕಾರುಗಳಲ್ಲಿ ಬಲಗೈಗೆ ಸಿಗುವ ಇಂಡಿಕೇಟರ್ ಕಡ್ಡಿ ಇದರಲ್ಲಿ ಎಡಗೈಗೆ, ಬಲಗೈಯದು ವೈಪರ್. ಅಭ್ಯಾಸವಿಲ್ಲದವರು ತಿರುವಿನಲ್ಲಿ ದೀಪ ಹಾಕಲು ಹೋಗಿ ಬಟ್ಟಬಿಸಿಲಲ್ಲಿ ಗಾಜು ಒರೆಸುತ್ತಾರೆ. ರಿವರ್ಸ್ ಹಾಕಲು ಗೇರಿನ ಗುಂಡಿಯ ಕೆಳಗಿರುವ ಉಂಗುರವನ್ನು ಎರಡು ಬೆರಳಲ್ಲಿ ಮೇಲಕ್ಕೆ ಎತ್ತಿ, ಆಮೇಲೆ ಕಡ್ಡಿ ಸರಿಸಬೇಕು. ಗೊತ್ತಿಲ್ಲದವರಿಗೆ ಗುಂಡಮ್ಮ ಮುಂದೆ ಹೋಗುತ್ತಾಳೆಯೇ ಹೊರತು ಹಿಂದೆ ಸರಿಯುವುದಿಲ್ಲ. ಒಮ್ಮೆ ಒಂದು ಹೋಟೆಲಿನ ಪಾರ್ಕಿಂಗ್‌ನವನು ಉಂಗುರ ತಿಳಿಯದೆ, ನಾಚಿಕೆಗೆ ಕೇಳಲೂ ಆಗದೆ, ಇಬ್ಬರನ್ನು ಸೇರಿಸಿಕೊಂಡು ಕೈಯಿಂದಲೇ ಹಿಂದಕ್ಕೆ ತಳ್ಳಿ ತಂದುಕೊಟ್ಟಿದ್ದ. ಅಕ್ಕ ತಂಗಿ ಆ ದಿನ ನಕ್ಕಿದ್ದಕ್ಕೆ ಅಮ್ಮ ಹಿಂದಿನ ಸೀಟಿನಿಂದ ಇಬ್ಬರ ಬೆನ್ನಿಗೂ ಗುದ್ದಿದ್ದರು. ಅಂಥ ಫಜೀತಿಗಳಿಂದಲೇ ಅವರು ಒಂದು ನಿಯಮ ಮಾಡಿಕೊಂಡಿದ್ದರು, ಆಗಿನ್ನೂ ಮಾತಿತ್ತು: ಸ್ಟೀರಿಂಗ್ ಮೂರನೆಯವರ ಕೈಗೆ ಹೋಗಕೂಡದು.

ಅಕ್ಕನದು ಪರದೆ, ದಿಂಬು ಹೊಲಿಯುವ ಕೆಲಸ. ಮನೆಯ ಮುಂದಿನ ಕೋಣೆಯಲ್ಲೇ ಎರಡು ಮೆಷೀನು, ಕತ್ತರಿಸಲು ಒಂದು ಉದ್ದ ಮೇಜು. ಗುಂಡಮ್ಮನ ಸೀಟುಗಳನ್ನು ಮಡಚಿದರೆ ಬಟ್ಟೆಯ ಸುರುಳಿಗಳು ಮಕ್ಕಳ ಹಾಗೆ ಮಲಗುತ್ತವೆ. ಪರದೆಯ ಕಂಬಿ ಹಿಂಬಾಗಿಲಿನಿಂದ ಡ್ಯಾಶ್‌ಬೋರ್ಡಿನವರೆಗೆ ಚಾಚಿಕೊಳ್ಳುತ್ತದೆ. ಅದನ್ನು ಓಡಿಸುವುದೆಂದರೆ ಅವಳಿಗೆ ಒಂದು ಸುಖ. ಹಗುರ ಸ್ಟೀರಿಂಗು, ಇಕ್ಕಟ್ಟಿನ ಬೀದಿಯಲ್ಲಿ ಬೆಣ್ಣೆಯೊಳಗಿನ ಕೂದಲಿನ ಹಾಗೆ ನುಸುಳುವ ಮೈ. ಅದಕ್ಕಿಂತ ಹೆಚ್ಚಾಗಿ, ಬಾಗಿಲು ಹಾಕಿಕೊಂಡರೆ ಅವಳನ್ನು ಯಾರೂ ಏನೂ ಕೇಳದ ಜಾಗ ಅದೊಂದೇ. ಆ ಎರಡು ವರ್ಷ ತಂಗಿಗೆ ಕೊಡಬೇಕಾದ ಉತ್ತರಗಳನ್ನೆಲ್ಲ ಅವಳು ಪಕ್ಕದ ಖಾಲಿ ಸೀಟಿಗೆ ಕೊಟ್ಟಿದ್ದಳು. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವರು ನೋಡಿದರೆ ಹಾಡು ಗುನುಗುವವಳಂತೆ ತಲೆಯಾಡಿಸುತ್ತಿದ್ದಳು.

ಜಗಳ ಹುಟ್ಟಿದ್ದು ಅಮ್ಮ ಹೋದಮೇಲೆ, ಅಮ್ಮನ ಕೋಣೆ ಖಾಲಿ ಮಾಡುವಾಗ. ಅಮ್ಮನಿಗೆ ಬಂದದ್ದು ಎದೆಯ ಕ್ಯಾನ್ಸರ್. ಆಸ್ಪತ್ರೆ, ಔಷಧಿ, ರಾತ್ರಿಯ ವಾಂತಿ, ಹಗಲಿನ ಹಟ, ಎಲ್ಲವೂ ಅಕ್ಕನ ತಲೆಯ ಮೇಲೆಯೇ. ತಂಗಿ ಭಾನುವಾರ ಬರುತ್ತಿದ್ದಳು, ಅಮ್ಮನನ್ನು ನಗಿಸುತ್ತಿದ್ದಳು, ಹೋಗುತ್ತಿದ್ದಳು. ಅಮ್ಮ ವಾರವೆಲ್ಲ ಆ ಭಾನುವಾರದ ಮಾತೇ ಆಡುತ್ತಿದ್ದರು. ಅಕ್ಕನಿಗೆ ನಿಜವಾಗಿ ಚುಚ್ಚಿದ್ದು ಅದು. ಕೋಣೆಯಲ್ಲಿ ಹಾಸಿಗೆ ಸುತ್ತುವಾಗ ತಂಗಿ, “ಒಂದು ಮಾತು ಕರೆದಿದ್ರೆ ನಾನೂ ರಜ ಹಾಕ್ತಿದ್ದೆ,” ಅಂದಳು.

“ಕರೀಬೇಕಿತ್ತಾ? ನೀನೇನು ಮದುವೆಗೆ ಬರೋ ನೆಂಟರವಳಾ?” ಎಂದು ಶುರುವಾದದ್ದು ಎಲ್ಲೆಲ್ಲಿಗೋ ಹೋಗಿ, ಕೊನೆಗೆ ಅಕ್ಕ ಹಾಸಿಗೆಯನ್ನು ನೆಲಕ್ಕೆ ಕುಕ್ಕಿ ಹೇಳಿದ್ದಳು: “ಸಾಕಪ್ಪಾ ಸಾಕು. ಇನ್ನು ಈ ಜನ್ಮದಲ್ಲಿ ಯಾರ ಕಾಯಿಲೆಯೂ ನನ್ನ ಕೈಲಿ ನೋಡೋಕಾಗಲ್ಲ. ಯಾರದ್ದೂ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಚಪ್ಪಲಿ ಮೆಟ್ಟಿ ಹೊರಟವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ತಂಗಿ ಈಜು ಕಲಿಸುವವಳು. ಊರಿನ ದೊಡ್ಡ ಈಜುಕೊಳದಲ್ಲಿ ಮಕ್ಕಳಿಗೆ, ನೀರಿಗೆ ಹೆದರುವ ಹೆಂಗಸರಿಗೆ. ಮದುವೆ ಬೇಡವೆಂದು ಒಂಟಿಯಾಗಿದ್ದವಳು. ಕೊಳದಿಂದ ಎದ್ದು ಮೈ ಅರ್ಧ ಒರೆಸಿಕೊಂಡು ನೇರ ಕಾರಿಗೆ ಬಂದು ಕೂರುವುದು ಅವಳ ಚಾಳಿ. ಅವಳ ವಾರ ಮುಗಿದು ಕಾರು ಬಂದಾಗ ಸೀಟು ಒದ್ದೆ, ಒಳಗೆಲ್ಲ ಕ್ಲೋರಿನ್ ವಾಸನೆ. ಶನಿವಾರ ಸಂಜೆ ಅಕ್ಕ ಸೀಟಿನ ಮೇಲೆ ಹಳೆಯ ಬಟ್ಟೆ ಹಾಸುತ್ತ, “ಮೀನು ಸಾಕಿದ ಹಾಗೆ ಆಗಿದೆ ನನ್ನ ಕತೆ,” ಎಂದು ಗೊಣಗುವುದು ಆ ಮನೆಯ ವಾರದ ಕಾರ್ಯಕ್ರಮ.

ಆ ಸೀಟು ಒಣಗಿ ಬರತೊಡಗಿತು.

ಮೊದಲ ಸಲ ಅಕ್ಕ ಅಂಗೈಯಿಂದ ಸೀಟು ಸವರಿ ಅಚ್ಚರಿಪಟ್ಟಳು. ಮುಂದಿನ ಎರಡು ಮೂರು ಸರದಿಯಲ್ಲೂ ಒಣಗಿತ್ತು, ವಾಸನೆಯೂ ಇರಲಿಲ್ಲ. ಗಂಡನ ಹತ್ತಿರ, “ನೋಡಿದ್ರಾ, ಕಡೆಗೂ ಬುದ್ಧಿ ಬಂತು,” ಎಂದು ಗೆದ್ದವಳ ಹಾಗೆ ಹೇಳಿದಳು.

“ನಲವತ್ತೈದಕ್ಕೆ ಬಂತಾ? ಪರವಾಗಿಲ್ಲ, ನಿಮ್ಮ ವಂಶದಲ್ಲಿ ಬೇಗಲೇ.”

ಅವಳು ನಕ್ಕಳು. ತಂಗಿ ತನಗಾಗಿ ಸೀಟು ಒಣಗಿಸಿದ್ದಾಳೆ ಎನ್ನುವುದು ಒಳಗೊಳಗೇ ಬೆಚ್ಚಗಿತ್ತು. ಬಾಯಿಬಿಟ್ಟು ಕೇಳದ ಕ್ಷಮೆಯೊಂದು ಕಾರಿನಲ್ಲಿ ಕೂತು ಬಂದಂತೆ. ತಾನೂ ಏನಾದರೂ ಮಾಡಬೇಕೆನಿಸಿ, ಒಳಗಿನ ರಬ್ಬರ್ ಮ್ಯಾಟುಗಳನ್ನೆಲ್ಲ ತೊಳೆದು ಕಳಿಸಿದಳು.

ಅದಾದ ಕೆಲವೇ ದಿನಕ್ಕೆ, ತಂಗಿಯ ವಾರದಲ್ಲಿ, ಅಕ್ಕ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಿಟಕಿ ಅಳೆಯುತ್ತಿದ್ದಳು. ಮೊದಲ ಮಹಡಿ. ಸ್ಟೂಲಿನ ಮೇಲೆ ನಿಂತು, ಕೊರಳಲ್ಲಿ ಟೇಪು ಹಾಕಿಕೊಂಡು ಕೆಳಗೆ ನೋಡಿದರೆ ಗುಂಡಮ್ಮ! ಎದುರಿನ ಔಷಧಿ ಅಂಗಡಿಯ ಗೋಡೆಯ ಕಡೆಗೆ ಮೂಗು ಮಾಡಿ ನಿಂತಿದ್ದಾಳೆ. ಸುಡುಬಿಸಿಲು, ಒಣ ಗಾಜಿನ ಮೇಲೆ ವೈಪರ್ ಕೀಚುಗುಡುತ್ತ ಓಡಾಡುತ್ತಿದೆ. ತೆಂಗಿನಮರದಂಥ ಒಬ್ಬ ಗಂಡಸು ಕಾರಿನ ಮುಂದೆ, ಗೋಡೆಗೆ ಬೆನ್ನು ಕೊಟ್ಟು ಬಾನೆಟ್ಟಿಗೆ ಎರಡೂ ಕೈಯಿಟ್ಟು ಹಿಂದಕ್ಕೆ ತಳ್ಳುತ್ತಿದ್ದಾನೆ. ಮತ್ತು ಒಳಗೆ, ಪಕ್ಕದ ಸೀಟಿನಲ್ಲಿ, ತಲೆಗೆ ಸ್ಕಾರ್ಫ್ ಸುತ್ತಿ, ಕಪ್ಪು ಕನ್ನಡಕ ಹಾಕಿ, ತಲೆ ಹಿಂದಕ್ಕೊರಗಿಸಿ ಆರಾಮಾಗಿ ಕೂತಿದ್ದಾಳೆ ತಂಗಿ. ಉಂಗುರದ ಗುಟ್ಟು ಬಲ್ಲವಳು. ಎರಡು ಬೆರಳೆತ್ತಿ ತೋರಿಸಿದರೆ ಆ ಬಡಪಾಯಿಯ ಬೆವರು ಉಳಿಯುತ್ತಿತ್ತು. ತುಟಿ ಪಿಟಕ್ಕೆನ್ನಲಿಲ್ಲ.

ಕ್ಲಿನಿಕ್ಕಿನ ರಿಸೆಪ್ಶನ್ ಹುಡುಗಿಯೂ ಬಂದು ಇಣುಕಿದಳು. “ಅಯ್ಯೋ ನೋಡಿ ಆಂಟಿ, ಗಂಡ ತಳ್ತಾ ಇದ್ದಾನೆ, ಹೆಂಡತಿ ಸಿನಿಮಾ ಹೀರೋಯಿನ್ ಥರ ಕೂತಿದ್ದಾಳೆ. ಪುಣ್ಯವಂತೆ!”

“ಗಂಡ ಅಲ್ಲ,” ಎಂದಳು ಅಕ್ಕ. ಕಿಟಕಿಯ ಅಗಲ ಎಷ್ಟೆಂದು ಮರೆತು ಮತ್ತೆ ಅಳೆದಳು.

ಆ ಶನಿವಾರ ಕಾರು ಬಂದಾಗ ಅವಳು ಪೊಲೀಸರ ಹಾಗೆ ಸುತ್ತು ಹಾಕಿದಳು. ಗಾಜಿನ ಧೂಳಿನ ಮೇಲೆ ಎರಡು ಬೀಸಣಿಗೆಯಂಥ ಗುರುತು. ಡ್ರೈವರ್ ಸೀಟು ಹಿಂದಕ್ಕೆ, ತುದಿಯವರೆಗೆ. ಕೆಲವು ಸರದಿಯಿಂದ ಹಾಗೇ ಬರುತ್ತಿದ್ದದ್ದನ್ನು ಅವಳು ಯೋಚಿಸದೆ ಜರುಗಿಸಿಕೊಂಡಿದ್ದಳು. ಕೂತರೆ ಅವಳ ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಕನ್ನಡಿಯಲ್ಲಿ ಕಂಡದ್ದು ಕಾರಿನ ಚಾವಣಿ. ತಂಗಿ ಅವಳಿಗಿಂತ ನಾಲ್ಕು ಬೆರಳು ಎತ್ತರ ಅಷ್ಟೆ. ಹಾಗಾದರೆ ಇಷ್ಟು ದಿನ ಒಣ ಸೀಟು ಕಳಿಸಿದ್ದು ಬುದ್ಧಿ ಬಂದಿದ್ದಕ್ಕಲ್ಲ. ಆ ಸೀಟಿನಲ್ಲಿ ಕೂರುತ್ತಿದ್ದವನೇ ಬೇರೆ.

“ನಲವತ್ತೈದಕ್ಕೆ ಬಂದಿದ್ದು ಬುದ್ಧಿಯಲ್ಲ,” ಎಂದಳು ಗಂಡನಿಗೆ. “ತೆಂಗಿನಮರ.”

“ಬರಲಿ ಬಿಡೇ. ನಿನಗೇನು ಹೊಟ್ಟೆಯುರಿ?”

“ಅವಳು ಯಾರ ಜತೆ ಬೇಕಾದ್ರೂ ತಿರುಗಲಿ. ನನ್ನ ಸ್ಟೀರಿಂಗ್ ಯಾಕೆ ಕೊಟ್ಟಳು? ನಿಯಮ ನಿಯಮವೇ.”

ಹೊಟ್ಟೆಯುರಿಯಲ್ಲವೆಂದು ತನಗೆ ತಾನೇ ಹೇಳಿಕೊಂಡಳು. ಆದರೆ ವಾರವಿಡೀ ಪಕ್ಕದ ಸೀಟಿನ ಜತೆ ಜಗಳವಾಡಿದಳು. ಎಂಥದೋ ಸಂತೋಷ ತಂಗಿಯ ಬಾಳಿಗೆ ಬಂದಿದೆ, ಅದನ್ನು ತನಗೆ ಹೇಳಬೇಕೆನಿಸಿಲ್ಲ. ಅದಕ್ಕೆ ಅವಳು ಇಟ್ಟ ಹೆಸರು ನಿಯಮ. ಮುಂದಿನ ಶನಿವಾರ ಸಂಜೆಯಾಯಿತು. ಅವಳು ಅಲುಗಾಡಲಿಲ್ಲ. ಕೀಲಿ ಹೊಲಿಗೆ ಮೆಷೀನಿನ ಡ್ರಾಯರಿನಲ್ಲಿತ್ತು.

“ಕಾರು ಬಿಟ್ಟು ಬರಲ್ವೇನೇ?”

“ಇಲ್ಲ. ಬೇಕಾದ್ರೆ ಬಂದು ಬಾಯಿಬಿಟ್ಟು ಕೇಳಲಿ.”

ಗಂಡ ಅವಳ ಮುಖ ನೋಡಿದ. “ಕೇಳಲಿ ಅಂತಾನೇ ಇಟ್ಕೊಂಡಿದ್ದೀಯಾ ಅನ್ನು,” ಎಂದಷ್ಟೇ ಹೇಳಿ ಪೇಪರಿನೊಳಗೆ ಮುಖ ಇಟ್ಟ.

ಯಾರೂ ಬರಲಿಲ್ಲ. ಫೋನೂ ಇಲ್ಲ. ಭಾನುವಾರ ಬೆಳಗ್ಗೆ ಅಕ್ಕ, ಸೋತವಳು ತಾನೋ ಗೆದ್ದವಳು ತಾನೋ ತಿಳಿಯದೆ, ಹಲ್ಲಿನ ಡಾಕ್ಟರ ಪರದೆಗಳನ್ನು ಕಾರಿಗೆ ತುಂಬಲು ಹೋದಳು. ಕಂಬಿ ಉದ್ದದ್ದು, ಅದಕ್ಕೆ ಜಾಗ ಮಾಡಲು ಪಕ್ಕದ ಸೀಟನ್ನು ಮುಂದಕ್ಕೆ ಬಗ್ಗಿಸಿದಳು. ಸೀಟಿನ ಕೆಳಗಿನಿಂದ ಏನೋ ಮೆತ್ತನೆಯದು ಉರುಳಿ ಬಂತು.

ಕೈಯಗಲದ ಒಂದು ಪುಟ್ಟ ದಿಂಬು. ನೀಲಿ ಟವೆಲಿನ ತುಂಡು ಮಡಚಿ ಹೊಲಿದದ್ದು. ಬೆನ್ನಿಗೆ ಎರಡು ಪಟ್ಟಿ. ಹೊಲಿಗೆ ಮಾತ್ರ ಮಹಾಪ್ರಭುವೇ! ಒಂದು ಹೆಜ್ಜೆ ಮೊಲದ್ದು, ಒಂದು ಆನೆಯದ್ದು. ದಾರವನ್ನು ಎಳೆದೆಳೆದು ಅಂಚೆಲ್ಲ ಸುಕ್ಕು. ಅಕ್ಕನಿಗೆ ನಗು ಬಂತು. ಈ ಕೈ ಅವಳಿಗೆ ಗೊತ್ತು. ಚಿಕ್ಕಂದಿನಲ್ಲಿ ತಾನೇ ಕಲಿಸಲು ಕೂತು, “ದಾರ ಎಳೀಬೇಡ್ವೇ, ಅದೇನು ಬಾವಿ ಹಗ್ಗಾನಾ?” ಎಂದು ತಲೆಗೆ ಮೊಟಕಿದ್ದ ಕೈ. ಆದರೆ ಸೂಜಿ ಕಂಡರೆ ಓಡುವವಳು ಇದನ್ನು ಯಾಕೆ ಹೊಲಿದಳು?

ದಿಂಬಿನವಳಿಗೆ ದಿಂಬು ಸುಳ್ಳು ಹೇಳುವುದಿಲ್ಲ. ಎಲ್ಲಿ ಒತ್ತಿದೆ, ಎಷ್ಟು ದಿನ ಒತ್ತಿದೆ ಎಂದು ಒಳಗಿನ ಅರಳೆ ಹೇಳುತ್ತದೆ. ಇದರ ನಡುವೆ ಅಡ್ಡಕ್ಕೆ ಒಂದು ತಗ್ಗು, ಸೀಟ್ ಬೆಲ್ಟಿನಷ್ಟೇ ಅಗಲ. ಅಕ್ಕ ಪಕ್ಕದ ಸೀಟನ್ನು ಮತ್ತೆ ನೆಟ್ಟಗೆ ಮಾಡಿ ಕೂತಳು. ಬೆಲ್ಟ್ ಎಳೆದು ಕೊಂಡಿ ಹಾಕಿದಳು. ದಿಂಬಿನ ಎರಡು ಪಟ್ಟಿಗಳು ಬೆಲ್ಟಿನ ಸುತ್ತ ಸರಿಯಾಗಿ ಕೂತವು. ಮೆಲ್ಲಗೆ ಜಾರಿಸಿದಳು. ಅದು ಬಂದು ನಿಂತದ್ದು ಅವಳ ಎಡ ಎದೆಯ ಮೇಲೆ, ಕಂಕುಳಿನ ಪಕ್ಕಕ್ಕೆ.

ಅವಳ ಕೈ ಅಲ್ಲೇ ನಿಂತಿತು.

ಅಮ್ಮನಿಗೆ ಆಪರೇಶನ್ ಆದಮೇಲೆ ಬೆಲ್ಟ್ ಗಾಯಕ್ಕೆ ಉಜ್ಜುತ್ತದೆಂದು, ಹೊರಡುವ ಮುನ್ನ ಒಂದು ಟವೆಲನ್ನು ಮಡಚಿ ಬೆಲ್ಟಿನ ಕೆಳಗೆ ಇಡುತ್ತಿದ್ದವಳು ತಾನೇ. ಒಂದು ಭಾನುವಾರ ತಂಗಿ ಬಾಗಿಲ ಬಳಿ ನಿಂತು ನೋಡುತ್ತ, “ಅದು ಯಾಕೆ?” ಎಂದು ಕೇಳಿದ್ದಳು. ತಾನು ಉತ್ತರವನ್ನೂ ಸರಿಯಾಗಿ ಕೊಟ್ಟಿರಲಿಲ್ಲ.

ಒಂದೊಂದೇ ಬಂದು ಎದುರಿಗೆ ನಿಂತವು. ಸೀಟು ಒಣಗಿದ್ದು, ನೀರಿಗಿಳಿಯದೆ ಎಷ್ಟೋ ದಿನವಾಗಿದ್ದಕ್ಕೆ. ಸ್ಟೀರಿಂಗ್ ತೆಂಗಿನಮರದ ಕೈಗೆ ಹೋದದ್ದು, ಅದನ್ನು ತಿರುಗಿಸಲು ಅವಳ ಕೈ ಏಳದೆ ಹೋದದ್ದಕ್ಕೆ. ಔಷಧಿ ಅಂಗಡಿ. ತಲೆಯ ಸ್ಕಾರ್ಫ್. ಹಿಂದಕ್ಕೊರಗಿದ ತಲೆ. ಪುಣ್ಯವಂತೆ! ಮತ್ತು ತನ್ನ ಡ್ರಾಯರಿನಲ್ಲಿ ಒಂದು ರಾತ್ರಿಯೆಲ್ಲ ಮಲಗಿದ್ದ ಕೀಲಿ.

ಹೇಳಬಾರದಿತ್ತೇ, ಎಂದು ಒಮ್ಮೆ ಕೋಪ ಬಂತು. ಹೇಗೆ ಹೇಳುತ್ತಾಳೆ? ಯಾರದ್ದೂ, ಎಂದು ಹಾಸಿಗೆ ಕುಕ್ಕಿದವಳು ಯಾರು?

ಪರದೆ, ಕಂಬಿ ಎಲ್ಲ ಮೆಟ್ಟಿಲ ಮೇಲೆಯೇ ಉಳಿದವು. ಅಕ್ಕ ಗುಂಡಮ್ಮನನ್ನು ಹೊರಡಿಸಿದಳು. ಸೇತುವೆಯ ಮೇಲೆ ಏನು ಹೇಳಬೇಕೆಂದು ಪಕ್ಕದ ಸೀಟಿನ ಎದುರು ಅಭ್ಯಾಸ ಮಾಡಲು ನೋಡಿದಳು. ಎರಡು ವರ್ಷ ಸರಾಗವಾಗಿ ಕೇಳಿಸಿಕೊಂಡ ಸೀಟು ಇವತ್ತು ದಿಂಬು ಹೊತ್ತುಕೊಂಡು ಸುಮ್ಮನೆ ಕೂತಿತ್ತು.

ಮೂರನೆಯ ಮಹಡಿ. ಕರೆಗಂಟೆ ಒತ್ತಿದಳು. ಬಾಗಿಲು ತೆರೆದದ್ದು ತಂಗಿಯೇ. ಸ್ಕಾರ್ಫ್ ಇರಲಿಲ್ಲ, ತಲೆಯ ಮೇಲೆ ಕೂದಲೂ ಇರಲಿಲ್ಲ. ಹುಟ್ಟಿದ ಮಗುವಿನ ತಲೆಯ ಹಾಗೆ ನುಣ್ಣಗಿತ್ತು. ತಂಗಿ ಹುಟ್ಟಿದಾಗ ಇದೇ ತಲೆಯನ್ನು ಮುಟ್ಟಲು ಜಗಳವಾಡಿದ್ದು ಅಕ್ಕನಿಗೆ ನೆನಪಾಯಿತು.

ತಂಗಿ ಬಾಗಿಲು ಹಿಡಿದೇ ಇದ್ದಳು. “ಕೀಲಿ ಅಂಚೆಡಬ್ಬಿಗೆ ಹಾಕೋದು ತಾನೇ? ಮಂಡಿನೋವು ಇಟ್ಕೊಂಡು ಮೂರು ಮಹಡಿ ಯಾಕೆ ಹತ್ತಿದೆ?”

“ಲಿಫ್ಟ್ ಕೆಟ್ಟಿದೆ.”

“ನಿನ್ನ ಗಂಡನ್ನ ಕಳಿಸು.”

“ಕಳಿಸ್ತೀನಿ.” ಅಕ್ಕ ನೀಲಿ ದಿಂಬನ್ನು ಮುಂದೆ ಹಿಡಿದಳು. “ಇದೇನೇ ಹೊಲಿಗೆ ಇದು? ಬಾವಿ ಹಗ್ಗ ಎಳೆದ ಹಾಗೆ?”

ತಂಗಿ ದಿಂಬು ನೋಡಿದಳು, ಅಕ್ಕನ ಮುಖ ನೋಡಿದಳು. “ಕಾರಲ್ಲಿತ್ತಾ? ಮನೆಯೆಲ್ಲ ಹುಡುಕಿದೆ.” ಮೆಲ್ಲಗೆ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತಳು. ಎಡಗೈಯನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡಿದ್ದಳು. ಮೇಜಿನ ಮೇಲೆ ಔಷಧಿಯ ಪಟ್ಟಿಗಳು, ಅರ್ಧ ಕುಡಿದ ಗಂಜಿ, ಈಜುಕೊಳದ ಮಕ್ಕಳು ಬರೆದ ಮೀನುಗಳ ಚಿತ್ರ.

“ಯಾವಾಗ ಆಪರೇಶನ್ ಆಗಿದ್ದು?”

“ಸೀಟು ಒಣಗಿತ್ತಲ್ಲ, ಆವಾಗ.”

“ನಂಗೆ ಯಾಕೆ ಹೇಳಲಿಲ್ಲ?”

“ನೀನೇ ಅಂದಿದ್ಯಲ್ಲ ಅಕ್ಕಾ. ಇನ್ನು ಯಾರ ಕಾಯಿಲೆಯೂ ನಿನ್ನ ಕೈಲಾಗಲ್ಲ ಅಂತ.” ಚುಚ್ಚುವ ದನಿಯಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುವ ದನಿ. “ಅಮ್ಮನಿಗೆ ಮಾಡಿ ಮಾಡಿ ನೀನು ಹೆಂಗಾಗಿದ್ದೆ ಅಂತ ನಾನೂ ನೋಡಿದ್ದೆ. ಭಾನುವಾರ ಮಾತ್ರ ನೋಡಿದ್ರೂ ನೋಡಿದ್ದೆ. ಅದಕ್ಕೇ ನಂಬಿದೆ.”

“ಹುಟ್ಟಿದಾಗಿಂದ ನನ್ನ ಮಾತು ಒಂದಾದರೂ ಕೇಳಿದ್ದೀಯೇನೇ ನೀನು?” ಅಕ್ಕನ ದನಿ ಒಡೆಯಿತು. “ಒದ್ದೆ ಮೈಯಲ್ಲಿ ಕೂರಬೇಡ ಅಂದ್ರೆ ಕೇಳಲಿಲ್ಲ. ದಾರ ಎಳೀಬೇಡ ಅಂದ್ರೆ ಕೇಳಲಿಲ್ಲ. ಅದೊಂದು ಮಾತು ಮಾತ್ರ ಕೇಳಬೇಕಿತ್ತಾ?”

ತಂಗಿ ನಗಲು ಹೋಗಿ, ಎದೆ ಎಳೆದು, ಕೈ ಒತ್ತಿಕೊಂಡಳು. ನಗು ನಿಂತಿತು, ಕಣ್ಣೀರು ನಿಲ್ಲಲಿಲ್ಲ. ಅಕ್ಕ ಅವಳ ಬಲಮಗ್ಗುಲಿಗೆ ಹೋಗಿ ನಿಂತು ಆ ಬೋಳು ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಬಿಸಿಯಾಗಿತ್ತು.

“ನಿನ್ನೆ ಕಾರು ಯಾಕೆ ಬರಲಿಲ್ಲ?” ಎಂದು ತಂಗಿ ಅಲ್ಲಿಂದಲೇ ಕೇಳಿದಳು.

ಸುಳ್ಳು ಹೇಳಬಹುದಿತ್ತು. “ಬೇಕಂತಲೇ ಇಟ್ಕೊಂಡೆ. ತೆಂಗಿನಮರಕ್ಕೆ ಸ್ಟೀರಿಂಗ್ ಕೊಟ್ಟೆಯಲ್ಲ, ಅದಕ್ಕೆ.”

“ಯಾರು? ಏಣಿನಾ?” ತಂಗಿ ತಲೆಯೆತ್ತಿದಳು. “ಕೊಳದ ಕಾವಲಿನವನು ಅವನು, ಮುಳುಗೋರನ್ನ ಎತ್ತೋನು. ಮಕ್ಕಳು ಏಣಿ ಅಂತಾವೆ. ನೀನೇನಂದುಕೊಂಡೆ? ಅಯ್ಯೋ ಅಕ್ಕಾ! ಹೆಂಡತಿ ಇದ್ದಾಳೆ ಅವನಿಗೆ. ಅವಳೂ ಏಣಿನೇ. ಈ ಗಂಜಿ ಅವಳದ್ದೇ.”

“ಮತ್ತೆ ಆವತ್ತು ಪಾಪ ಅವನ ಕೈಲಿ ಕಾರು ತಳ್ಳಿಸಿದೆಯಲ್ಲ? ಉಂಗುರ ಎತ್ತು ಅಂತ ಒಂದು ಮಾತು ಹೇಳೋಕೆ ಏನು ಕೊಬ್ಬು?”

“ಬಾಯಿ ಬಿಟ್ಟಿದ್ರೆ ವಾಂತಿ ಆಗ್ತಿತ್ತು,” ಎಂದಳು ತಂಗಿ ಸರಳವಾಗಿ. “ಗುಂಡಮ್ಮನ ಒಳಗೆ ಮಾಡಿದ್ರೆ ನೀನು ಸುಮ್ನಿರ್ತಿದ್ಯಾ?”

ಅಕ್ಕ ಗಂಜಿಯ ಪಾತ್ರೆ ತೆಗೆದುಕೊಂಡು ಹೋಗಿ ಬಿಸಿ ಮಾಡಿದಳು, ಆ ರಾತ್ರಿ ಅಲ್ಲೇ ಉಳಿದಳು.

ಮರುದಿನ ಆಸ್ಪತ್ರೆಗೆ ಹೋಗುವ ದಿನ. ಇನ್ನೂ ಹಲವು ಸಲ ಹೋಗಬೇಕಿತ್ತು. ಬೆಳಗ್ಗೆ ಏಣಿ ತನ್ನ ಪಾಡಿಗೆ ತಾನು ಬಂದಿದ್ದ, ಕಾರು ಸಿಗದಿದ್ದರೆ ಟ್ಯಾಕ್ಸಿ ಹಿಡಿಯೋಣವೆಂದು. ಅಕ್ಕ ಅವನನ್ನು ಗುಂಡಮ್ಮನ ಡ್ರೈವರ್ ಸೀಟಿನಲ್ಲಿ ಕೂರಿಸಿ, ಅವನ ಎರಡು ಬೆರಳು ಹಿಡಿದು ಉಂಗುರದ ಮೇಲಿಟ್ಟು ಎತ್ತಿಸಿದಳು. ಕಡ್ಡಿ ಸರಕ್ಕನೆ ಹಿಂದಕ್ಕೆ ಬಿತ್ತು. “ಇಷ್ಟೇನಾ!” ಎಂದು ಅವನು ಬಾಯಿ ಬಿಟ್ಟ. ತನಗೆ ಬಿಡುವಿಲ್ಲದ ದಿನ ಇವನ ಕೈಯೇ ಗತಿ ಎಂದು ಅವಳಿಗೆ ಗೊತ್ತಿತ್ತು. ನಿಯಮ ಹೋದರೆ ಹೋಗಲಿ.

ಅವನನ್ನು ಇಳಿಸಿ ತಾನು ಕೂತಳು. ದಿಂಬನ್ನು ರಾತ್ರಿಯೇ ಬಿಚ್ಚಿ ನೆಟ್ಟಗೆ ಹೊಲಿದುಕೊಡಬಹುದಿತ್ತು. ಅರ್ಧ ಗಂಟೆಯ ಕೆಲಸ. ಕತ್ತರಿಯನ್ನೂ ಹಿಡಿದಿದ್ದಳು. ಒಂದು ಕೈ ಎತ್ತಲಾಗದೆ, ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಹೊಲಿದದ್ದಿರಬೇಕು ಎಂದು ಹೊಳೆದು ಕತ್ತರಿ ಕೆಳಗಿಟ್ಟಿದ್ದಳು. ಈಗ ಅದನ್ನು ಇದ್ದ ಹಾಗೆಯೇ ಬೆಲ್ಟಿಗೆ ಕಟ್ಟಿ, ತಂಗಿಯ ಎದೆಗೆ ತಾಗುವ ಮುನ್ನ ಉಸಿರು ಹಿಡಿದು, ಮೆಲ್ಲಗೆ ಬಿಟ್ಟಳು.

“ಈ ವಾರ ನಂದು ಅಲ್ವಾ?” ಎಂದಳು ತಂಗಿ.

“ವಾರ ನಿಂದೇ. ಡ್ರೈವರ್ ನಾನು.”

ಸೀಟು ಇನ್ನೂ ಏಣಿಯ ಅಳತೆಯಲ್ಲಿತ್ತು. ಅಕ್ಕ ಸೀಟಿನಡಿಯ ಲಿವರ್ ಎತ್ತಿ ಮುಂದಕ್ಕೆ ಜರುಗಿದಳು.

“ಇನ್ನೂ ಮುಂದೆ,” ಎಂದಳು ತಂಗಿ ಕಣ್ಣು ಮುಚ್ಚಿಕೊಂಡೇ. “ಇನ್ನೂ. ಇನ್ನೂ ಸ್ವಲ್ಪ, ಕುಳ್ಳಿ.”

ಅಕ್ಕ ಜರುಗಿದಳು. ಕಾಲು ಕ್ಲಚ್ಚಿಗೆ ಎಟುಕಿತು.